ಹನ್ನೆರಡು ತುಕಡಿ, ಒಂದು ದಾಳ

ಮೊದಲ ದಿನ ನಾನು ಮುಕ್ಕಾಲು ಗಂಟೆ ಮೇಜಿನ ಮೇಲೆ ಆಡುವ ಯುದ್ಧದ ಆಟದ ಬರೀ ನಿಯಮ ಹೇಳಿದೆ. ರಾಯಚೂರಿನ ನಮ್ಮ ಫ್ಲೆಕ್ಸ್ ಅಂಗಡಿಯ ಮಾಳಿಗೆ ಮೇಲೆ ಏಳು ಜನ ಕೂತಿದ್ದರು. ದಿನಾ ಸಂಜೆ ಅಲ್ಲಿ ಕೇರಂ, ಚೆಸ್ ಆಡುವವರೇ ಎಲ್ಲ. ಬಾಣ ಎಷ್ಟು ದೂರ ಹೋಗುತ್ತದೆ, ಕುದುರೆ ಕಾಡು ಹೊಕ್ಕರೆ ಏನಾಗುತ್ತದೆ, ಪಕ್ಕದಿಂದ ಮೇಲೆ ಬಿದ್ದರೆ ಎಷ್ಟು ಕಳೆಯಬೇಕು ಅಂತ ನಾನು ಒದರುತ್ತಲೇ ಇದ್ದೆ. ಮಂಡಾಳ ಒಗ್ಗರಣೆ, ಮಿರ್ಚಿ ಖಾಲಿ ಆದವು. ಆಮೇಲೆ ಮಾಳಿಗೆಯೂ ಖಾಲಿ ಆಯಿತು. ಉಳಿದಿದ್ದು ರಿಟೈರ್ ಆದ ಮಾಸ್ತರು ಒಬ್ಬರೇ. ಕನ್ನಡಕ ಒರೆಸುತ್ತಾ, "ತಮ್ಮಾ, ಇದು ಆಟಾನೋ ಪರೀಕ್ಷೇನೋ?" ಅಂದರು.

ನನಗೆ ಈ ಹುಚ್ಚು ಹತ್ತಿದ್ದು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ. ರೂಮಿನ ಗೆಳೆಯ ಕಲಿಸಿದ. ಆಟದ ಹೆಸರು ಡಿಬಿಎ, ಪೂರ್ತಿ ಹೇಳಿದರೆ ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್. 1990ರಲ್ಲಿ ಇಂಗ್ಲೆಂಡಿನಲ್ಲಿ ಬಂದದ್ದು. ಚಿಕ್ಕ ಚಿಕ್ಕ ಗೊಂಬೆ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಹಳೇ ಕಾಲದ ಯುದ್ಧ ಆಡುವುದು. ಕ್ರಿ.ಪೂ. 3000ದಿಂದ ಹೆಚ್ಚುಕಡಿಮೆ ಕ್ರಿ.ಶ. 1500ರವರೆಗಿನ ಸೈನ್ಯಗಳು. ಒಬ್ಬೊಬ್ಬರಿಗೆ ಹನ್ನೆರಡೇ ತುಕಡಿ. ನಾಲ್ಕು ತುಕಡಿ ಹೋಗಿ, ಎದುರಿನವನಿಗಿಂತ ನಿಮ್ಮದೇ ಜಾಸ್ತಿ ಹೋಗಿದ್ದರೆ ಸೋತಿರಿ. ಒಂದು ತಾಸಿನ ಆಟ. ಊರಿಗೆ ವಾಪಸ್ ಬಂದ ಮೇಲೆ ಜೊತೆಗೆ ಆಡುವವರೇ ಇರಲಿಲ್ಲ. ಹಾಗಾಗಿ ನಾನೇ ಆಟಗಾರರನ್ನು ತಯಾರು ಮಾಡಬೇಕಾಯಿತು.

ಸಾಮಾನಿನ ಚಿಂತೆ ಅಷ್ಟಿರಲಿಲ್ಲ. 15 ಮಿ.ಮೀ. ಅಳತೆಯ ಲೋಹದ ಗೊಂಬೆಗಳನ್ನು ಹೊರದೇಶದಿಂದ ತರಿಸಿದರೆ ಜೇಬು ತೂತು. ನಮ್ಮ ಅಂಗಡಿಯಲ್ಲೋ 3 ಮಿ.ಮೀ. ಸನ್‌ಬೋರ್ಡಿನ, ಅಂದರೆ ಬೋರ್ಡು ಮಾಡುವ ಹಗುರ ಫೋಮ್ ಹಲಗೆಯ, ತುಂಡುಗಳು ಯಾವಾಗಲೂ ಬಿದ್ದಿರುತ್ತವೆ. ಸೈನಿಕರ ಚಿತ್ರವನ್ನು ವಿನೈಲ್ ಮೇಲೆ ಪ್ರಿಂಟ್ ತೆಗೆದು, ಸನ್‌ಬೋರ್ಡಿಗೆ ಅಂಟಿಸಿ, ಕಟರ್‌ನಲ್ಲಿ ಕೊಯ್ದೆ. ತುಕಡಿಯ ಕೆಳಗಿನ ಹಲಗೆ ಎಲ್ಲದಕ್ಕೂ 40 ಮಿ.ಮೀ. ಅಗಲ. ಮುಂದಿನಿಂದ ಹಿಂದಕ್ಕೆ ಅಳೆದರೆ ಭರ್ಜಿಯವರಿಗೆ 15 ಮಿ.ಮೀ., ಬಿಲ್ಲಿನವರಿಗೆ 20, ಕುದುರೆಗೆ 30, ಆನೆಗೆ 40. ಅಗಲ ಮಾತ್ರ ತಪ್ಪಬಾರದು. ಒಂದು ಮಿ.ಮೀ. ಹೆಚ್ಚುಕಡಿಮೆ ಆದರೂ ಎಂಟು ತುಕಡಿಯ ಸಾಲು ಎದುರಿನ ಸಾಲಿಗೆ ಸರಿಯಾಗಿ ಕೂರುವುದಿಲ್ಲ, ಜಗಳ ಅಲ್ಲಿಂದಲೇ ಶುರು.

ರಣರಂಗಕ್ಕೆ ಎರಡು ಅಡಿ ಚೌಕದ ಹಸಿರು ಫ್ಲೆಕ್ಸ್ ಹೊಡೆಸಿದೆ. ಟ್ಯೂಬ್‌ಲೈಟ್ ಕೆಳಗೆ ಹೊಳೆದು ಕಣ್ಣು ಕುಕ್ಕಿತು. ಯಾರದೋ ಹುಟ್ಟುಹಬ್ಬದ ಹಳೇ ಫ್ಲೆಕ್ಸ್ ತಿರುವಿ ಹಾಕಿ ಡಿಸ್ಟೆಂಪರ್ ಬಳಿದೆ. ಮಡಚಿದ ಕೂಡಲೇ ಬಣ್ಣ ಉದುರಿತು. ಕೊನೆಗೆ ಕೈಗೆ ಸಿಕ್ಕಿದ್ದು ಗೋಣಿಚೀಲ. ಬಿಚ್ಚಿ, ಒಗೆದು, ಇಸ್ತ್ರಿ ಮಾಡಿ ಹಾಸಿದರೆ ಬೇಸಿಗೆಯ ಹೊಲದ ಬಣ್ಣ ತಾನಾಗಿಯೇ ಬಂತು. ತುಕಡಿಗಳೂ ಜಾರುವುದಿಲ್ಲ. ಆನೆಗಳನ್ನು ಮಾತ್ರ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದಾಗ ತಂದೆ. ಕಿನ್ನಾಳದ ಕಟ್ಟಿಗೆಯ ಪುಟ್ಟ ಆನೆಗಳು. ಅಳತೆಗಿಂತ ದೊಡ್ಡವು, ಸೊಂಡಿಲು ಹಲಗೆಯಿಂದ ಆಚೆ ಚಾಚಿಕೊಂಡಿರುತ್ತದೆ. ಇರಲಿ ಬಿಡಿ. ಆ ಕೆಂಪು, ಹಳದಿ ಬಣ್ಣ ನೋಡಿಯೇ ಅರ್ಧ ಜನ ಮೇಜಿನ ಹತ್ತಿರ ಬಂದರು.

ಎರಡನೇ ಸಲ ನಿಯಮ ಹೇಳಲಿಲ್ಲ. ಆಟೊ ಓಡಿಸುವ ಗೆಳೆಯನ ಕೈಗೆ ಸುಮ್ನೆ ದಾಳ ಕೊಟ್ಟು, "ಹಾಕು" ಅಂದೆ. ನಾಲ್ಕು ಬಿತ್ತು. ಈ ಆಟದ ಜೀವ ಇರುವುದೇ ಇಲ್ಲಿ. ಎಷ್ಟು ಬೀಳುತ್ತದೋ ಅಷ್ಟೇ ಅಪ್ಪಣೆ ಕೊಡಬಹುದು. ಒಂದು ಅಪ್ಪಣೆಗೆ ಒಂದು ತುಕಡಿ ನಡೆಯುತ್ತದೆ. ಆದರೆ ತುಕಡಿಗಳು ಒಂದಕ್ಕೊಂದು ತಾಗಿ ಸಾಲಾಗಿ ನಿಂತಿದ್ದರೆ ಇಡೀ ಸಾಲು ಒಂದೇ ಅಪ್ಪಣೆಗೆ ನಡೆಯುತ್ತದೆ. ದಾಳದಲ್ಲಿ ಸಿಗುವ ಈ ಅಪ್ಪಣೆಗೆ ಇಂಗ್ಲಿಷಿನಲ್ಲಿ ಪಿಪ್ ಅನ್ನುತ್ತಾರೆ. ನಾನು ಪಿಪ್, ಪಿಪ್ ಅಂತ ತಡವರಿಸುವಾಗ ಮಾಸ್ತರು, "ಪಗಡೆಯಾಗ ಗರ ಅಂತೀವಲ್ಲ, ಅದ ಅಲ್ಲೇನು?" ಅಂದರು. ಹೌದಲ್ವಾ! ಅವತ್ತಿನಿಂದ ಅದು ಗರವೇ. ಆಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಗೆಳೆಯನ ಭರ್ಜಿ ಸಾಲು ಎರಡು ಸುತ್ತು ಚೆಂದ ನಡೆಯಿತು. ಮೂರನೇ ಸುತ್ತಿಗೆ ಅವನಿಗೆ ಆಸೆ ಹುಟ್ಟಿತು. ಮೂರು ತುಕಡಿ ಕಿತ್ತು ಮುಂದಕ್ಕೆ ಓಡಿಸಿದ. ಸಾಲು ಮೂರು ಚೂರಾಯಿತು. ಮುಂದಿನ ದಾಳಕ್ಕೆ ಬಿದ್ದದ್ದು ಒಂದು. ಯಾರನ್ನು ನಡೆಸಬೇಕು? ಮುಂದೆ ಹೋದವರನ್ನು ವಾಪಸ್ ಕರೆಸಲೋ, ಹಿಂದಿನವರನ್ನು ಕಳಿಸಲೋ? ತಲೆ ಕೆರೆದುಕೊಂಡು, "ಒಂದ ಗರದಾಗ ಏನ್ ಮಾಡ್ಲಿ?" ಅಂದ. ನಾನು ಬಾಯಿ ಬಿಡಲಿಲ್ಲ. ಮೊದಲ ದಿನ ಮುಕ್ಕಾಲು ಗಂಟೆ ಕಿರುಚಿದರೂ ಆಗದ ಪಾಠ ಅದು.

ಆನೆ ಬೇಕು ಅಂತ ಎಲ್ಲರೂ ಮುಗಿಬಿದ್ದರು. ಆದರೆ ಆನೆ ಹಠಮಾರಿ. ಯುದ್ಧ ಶುರುವಾದ ಮೇಲೆ ಅದನ್ನು ನಡೆಸಲು ಒಂದು ಗರ ಹೆಚ್ಚು ಬೇಕು. ಕೈಗೆ ಕೈ ಹತ್ತಿದಾಗ ಇಬ್ಬರೂ ದಾಳ ಹಾಕಿ ತಮ್ಮ ತುಕಡಿಯ ಬಲ ಕೂಡಿಸುತ್ತಾರೆ. ಕಮ್ಮಿ ಬಂದವನು ಹಿಂದೆ ಸರಿಯಬೇಕು. ಎರಡು ಪಟ್ಟು ಬಂದರೆ ಎದುರಿನ ತುಕಡಿ ಸತ್ತ ಹಾಗೆ. ಆನೆಯ ಲೆಕ್ಕ ಬೇರೆ. ಹಗುರ ಕಾಲಾಳುಗಳ ಎದುರು ಅದು ಸ್ವಲ್ಪ ಸೋತರೂ ಮೇಜಿನಿಂದ ಹೊರಗೆ. ಏಳನೇ ಕ್ಲಾಸಿನ ನನ್ನ ತಂಗಿ ಮಗಳು ಕವಣೆ ಬೀಸುವವರ ಎರಡು ತುಕಡಿ ತಗೊಂಡು ಮಾಸ್ತರರ ದೊಡ್ಡ ಆನೆಯನ್ನೇ ಎತ್ತಿಸಿಬಿಟ್ಟಳು. "ಇರುವಿ ಕಿವಿ ಹೊಕ್ಕಂಗಾತು" ಅಂತ ಮಾಸ್ತರು ನಕ್ಕರು. ಒಳಗೊಳಗೆ ಸಿಟ್ಟಿತ್ತು.

ನಾನು ಆಡಿಸಿದ್ದು ಕ್ರಿ.ಪೂ. 202ರ ಜಾಮಾ ಯುದ್ಧ. ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್‌ನ ಆನೆಗಳು ಬಂದಾಗ ರೋಮನ್ನರು ಸಾಲುಗಳ ನಡುವೆ ದಾರಿ ಬಿಟ್ಟು ಅವನ್ನು ಹಾಯಿಸಿದ ಯುದ್ಧ. ಕಥೆ ಚೆನ್ನಾಗಿದೆ, ಆದರೆ ಇಲ್ಲಿ ಯಾರಿಗೂ ಹ್ಯಾನಿಬಲ್ ಬೇಕಾಗಿರಲಿಲ್ಲ. ನಾವು ಕೂತಿರುವುದು ಕೃಷ್ಣಾ, ತುಂಗಭದ್ರೆಯ ನಡುವಿನ ದೋಆಬಿನಲ್ಲಿ. ಈ ನೆಲಕ್ಕಾಗಿ ವಿಜಯನಗರದವರೂ ಬಹಮನಿಯವರೂ ಎಷ್ಟು ಸಲ ಹೊಡೆದಾಡಿಲ್ಲ! ಆಮೇಲೆ ಬಿಜಾಪುರದವರು. "1520 ಆಡಿಸು" ಅಂದರು ಮಾಸ್ತರು. ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನೂ ಎದುರಾದ ರಾಯಚೂರು ಯುದ್ಧ. ಈ ಆಟ 1500ಕ್ಕೆ ನಿಲ್ಲುತ್ತದೆ, ಅಷ್ಟು ತೋಪುಗಳನ್ನು ತಡೆಯುವುದಿಲ್ಲ ಅಂತ ನಾನು ರಾಗ ಎಳೆದೆ. "ಇಪ್ಪತ್ತು ವರ್ಷದ ಸಲುವಾಗಿ ನಮ್ಮೂರ ಯುದ್ಧಾನ ಹೊರಗ ಇಡ್ತೀಯೇನು?" ಅಂದರು. ಉತ್ತರ ಇರಲಿಲ್ಲ.

ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿರುವ ಪ್ರಕಾರ ಆದಿಲ್ ಶಾಹನ ತೋಪುಗಳು ಒಟ್ಟಿಗೆ ಸಿಡಿದವು. ವಿಜಯನಗರದ ಮುಂದಿನ ಸಾಲು ಚೆದುರಿ ಓಡಿತು. ಅವರನ್ನು ಅಟ್ಟಿಸಿಕೊಂಡು ಬಂದವರ ಮೇಲೆ ರಾಯ ತಾನೇ ಹಿಂದಿನ ದಂಡಿನೊಂದಿಗೆ ಬಿದ್ದ. ಅದನ್ನೇ ಹಿಡಿದು ಮನೆಯ ನಿಯಮ ಒಂದು ಮಾಡಿಕೊಂಡೆವು. ತೋಪು ಒಂದೇ ಸಲ, ಇಡೀ ಮುಂದಿನ ಸಾಲಿನ ಮೇಲೆ. ಆಮೇಲೆ ಅದು ಬರೀ ಕಬ್ಬಿಣ. ಕೃಷ್ಣಾ ಹೊಳೆಗೆ ನೀಲಿ ವಿನೈಲ್ ಪಟ್ಟಿ ಹಾಸಿದೆ. ಎಲ್ಲರಿಗೂ ಕೃಷ್ಣದೇವರಾಯನೇ ಬೇಕು, ಆದಿಲ್ ಶಾಹ ಯಾರಿಗೂ ಬೇಡ. ದಾಳ ಹಾಕಿಸಿದೆ. ಮಾಸ್ತರರ ಪಾಲಿಗೆ ಬಿಜಾಪುರ ಬಂತು.

ತೋಪು ಹೊಡೆದರು, ಮುಂದಿನ ಸಾಲಿನಲ್ಲಿ ಎರಡು ತುಕಡಿ ಹಾರಿದವು. ಆಟೊ ಗೆಳೆಯ ಈ ಸಲ ಹಿಂದಿನ ಸಾಲನ್ನು ಅಲ್ಲಾಡಿಸದೆ ಕೂತ. ದಾಳಕ್ಕೆ ಆರು ಬಿದ್ದ ಮೇಲೆ ಒಟ್ಟಿಗೆ ಬಿಟ್ಟ. ಅರ್ಧ ತಾಸಿನಲ್ಲಿ ಮಾಸ್ತರರ ನಾಲ್ಕನೇ ತುಕಡಿ ಹೋಯಿತು. ಅವರು ಏನೂ ಅನ್ನಲಿಲ್ಲ. ತಮ್ಮ ಕಿನ್ನಾಳದ ಆನೆಯನ್ನು ಎರಡು ಬೆರಳಲ್ಲಿ ಎತ್ತಿ ನೀಲಿ ಪಟ್ಟಿಯ ಆಚೆ ಇಟ್ಟರು. ಆದಿಲ್ ಶಾಹ ಅವತ್ತು ಆನೆ ಹತ್ತಿ ಹೊಳೆ ದಾಟಿ ಪಾರಾಗಿದ್ದ ಅಂತಲೂ ನೂನಿಜ್ ಬರೆದಿದ್ದಾನೆ. ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು, "ಮುಂದಿನ ಶನಿವಾರ ಬಿಜಾಪುರ ನನಗ ಇರಲಿ. ದಾಳ ಹಾಕೋದು ಬ್ಯಾಡ."