ಇನ್ವರ್ಟರ್ ಆರಿಸುವ ಮೊದಲು ತಾರಸಿ ಮೇಲೆ ಸೀಮೆಸುಣ್ಣ ಹಿಡಿದೆ

ಸೋಲಾರ್ ಹಾಕಿಸಬೇಕು ಅಂತ ಹೊರಟಾಗ ನಾನು ತಲೆ ಕೆಡಿಸಿಕೊಂಡಿದ್ದೆಲ್ಲ ಪ್ಯಾನೆಲ್ ಬಗ್ಗೆಯೇ. ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿಗೆ ಬದಲಿಸುವ ಇನ್ವರ್ಟರ್ ಯಾವುದಾದರೇನು, ಎಲ್ಲ ಒಂದೇ ಅಲ್ವಾ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಪರಿಚಯದವರ ಮನೆಗೆ ಹೋದೆ. ಹೊರಗೆ ಉರಿಬಿಸಿಲು, ಒಳಗೆ ಕರೆಂಟ್ ಇಲ್ಲ. "ಮೇಲೆ ಅಷ್ಟೊಂದು ಪ್ಯಾನೆಲ್ ಇದೆಯಲ್ಲ?" ಅಂದೆ. "ಲೈನ್ ಹೋದರೆ ಅದೂ ಹೋಗುತ್ತೆ" ಅಂದರು. ಅವರದು ಆನ್‌ಗ್ರಿಡ್ ಇನ್ವರ್ಟರ್, ಅಂದರೆ ಬ್ಯಾಟರಿಯಿಲ್ಲದೆ ಕಂಬದ ಲೈನಿಗೇ ಜೋಡಿಸಿದ್ದು. ಲೈನ್ ಸತ್ತಿದೆ ಅಂತ ನಂಬಿ ಕಂಬ ಹತ್ತಿದವರಿಗೆ ನಮ್ಮ ಮನೆಯ ಕರೆಂಟ್ ಹೊಡೆಯಬಾರದಲ್ಲ, ಅದಕ್ಕೇ ಅದು ತಾನಾಗಿ ನಿಂತುಬಿಡುತ್ತದೆ. ಅದರ ಮಟ್ಟಿಗೆ ಅದು ಸರಿಯೇ. ಆದರೆ ನನಗೆ ಕರೆಂಟ್ ಹೋದಾಗಲೂ ಬೆಳಕು ಬೇಕಿತ್ತು. ಹಾಗಾಗಿ ಬ್ಯಾಟರಿ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರೇ ಬೇಕು ಅಂತ ಅಲ್ಲೇ ತೀರ್ಮಾನ ಮಾಡಿದೆ.

ಉಳಿದಿದ್ದು ನೆರಳಿನ ಪ್ರಶ್ನೆ. ಪ್ಯಾನೆಲ್ ಮೇಲೆ ಎಷ್ಟು ನೆರಳು ಅನ್ನುವುದರ ಮೇಲೂ ಇನ್ವರ್ಟರ್ ಆಯ್ಕೆ ನಿಂತಿದೆ. ತಾರಸಿಯ ಒಂದು ಮೂಲೆಯಲ್ಲಿ ನೀರಿನ ಟ್ಯಾಂಕ್ ಇದೆ. ಬೆಳಗ್ಗೆಯಿಂದ ಸಂಜೆಯವರೆಗೆ ಗಂಟೆಗೊಮ್ಮೆ ಮೇಲೆ ಹತ್ತಿ, ಅದರ ನೆರಳಿನ ಅಂಚನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ಅದು ಚಳಿಗಾಲ, ಒಳ್ಳೆಯದೇ ಆಯಿತು. ಸೂರ್ಯ ತಗ್ಗಿನಲ್ಲಿ ಸಾಗುವುದರಿಂದ ಆಗಲೇ ನೆರಳು ಉದ್ದ. ಹತ್ತು ಪ್ಯಾನೆಲ್ ಜಾಗದಲ್ಲಿ ನಾಲ್ಕಕ್ಕೆ ಮಾತ್ರ, ಅದೂ ಬೆಳಗ್ಗೆ ಎರಡು ಗಂಟೆಯಷ್ಟು ಹೊತ್ತು, ನೆರಳು ಬೀಳುತ್ತಿತ್ತು.

ಇಡೀ ಸಾಲಿಗೆ ಒಂದೇ ಇರುವ ಸ್ಟ್ರಿಂಗ್ ಇನ್ವರ್ಟರ್‌ನಲ್ಲಿ ಪ್ಯಾನೆಲ್‌ಗಳು ಸರಪಳಿಯ ಹಾಗೆ ಸೀರೀಸಿನಲ್ಲಿರುತ್ತವೆ. ಒಂದಕ್ಕೆ ನೆರಳಾದರೆ ಇಡೀ ಸಾಲು ಸತ್ತೇ ಹೋಗುತ್ತದೆ ಅಂತ ಹೆದರಿಸುವವರಿದ್ದಾರೆ. ಅಷ್ಟೇನಿಲ್ಲ. ಪ್ಯಾನೆಲ್‌ನಲ್ಲಿರುವ ಬೈಪಾಸ್ ಡಯೋಡ್ ನೆರಳಿನ ಭಾಗವನ್ನು ದಾಟಿಸಿ ಕರೆಂಟ್ ಕಳಿಸುತ್ತದೆ. ನಷ್ಟ ಇದೆ, ಪ್ರಳಯ ಇಲ್ಲ. ಪ್ರತಿ ಪ್ಯಾನೆಲ್‌ಗೂ ಒಂದೊಂದು ಮೈಕ್ರೋ ಇನ್ವರ್ಟರ್ ಹಾಕಿದರೆ ಈ ತಲೆನೋವೇ ಇಲ್ಲ, ನಿಜ. ಆದರೆ ಕೆಟ್ಟರೆ ಪ್ಯಾನೆಲ್ ಬಿಚ್ಚಿ ಅದರಡಿ ಕೈ ಹಾಕಬೇಕು. ಎರಡು ಗಂಟೆಯ ನೆರಳಿಗೆ ಇಷ್ಟೆಲ್ಲ ಬೇಡ ಅನ್ನಿಸಿತು.

ಎರಡು ಎಂಪಿಪಿಟಿ (ಪ್ಯಾನೆಲ್ ಸಾಲಿನಿಂದ ಆದಷ್ಟು ಹೆಚ್ಚು ವಿದ್ಯುತ್ ಹಿಂಡುವ ಭಾಗ) ಇರುವ 5 ಕಿಲೋವ್ಯಾಟ್ ಹೈಬ್ರಿಡ್ ತಗೊಂಡೆ. ಬಿಸಿಲಿನ ಆರು ಒಂದಕ್ಕೆ, ನೆರಳಿನ ನಾಲ್ಕು ಇನ್ನೊಂದಕ್ಕೆ. ಒಂದರ ಕಷ್ಟ ಇನ್ನೊಂದಕ್ಕೆ ತಟ್ಟುವುದಿಲ್ಲ. ವೋಲ್ಟೇಜ್ ಲೆಕ್ಕ ಮಾತ್ರ ಗರಿಷ್ಠ, ಕನಿಷ್ಠ ಎರಡೂ ಕಡೆ ನೋಡಬೇಕು. ಚಳಿಗೆ ಪ್ಯಾನೆಲ್ ವೋಲ್ಟೇಜ್ ಏರುತ್ತದೆ, ಕಾದರೆ ಇಳಿಯುತ್ತದೆ. ಲೋಡ್ ಇಲ್ಲದಾಗ ಒಂದಕ್ಕೆ 49 ವೋಲ್ಟ್, ಆರಕ್ಕೆ 294. ಇನ್ವರ್ಟರ್ ಮಿತಿ 500, ಚಿಂತೆಯಿಲ್ಲ. ನಾಲ್ಕರ ಸಾಲು ಕೆಲಸ ಮಾಡುವುದು 164 ವೋಲ್ಟ್‌ನಲ್ಲಿ, ಎಂಪಿಪಿಟಿಗೆ ಕನಿಷ್ಠ 120 ಬೇಕು. ಕಾದ ಮೇಲೂ ಸಾಕಾಗುತ್ತದೆ. ಮೂರೇ ಹಾಕಿದ್ದರೆ 123, ಬಿಸಿಲೇರಿದ ಹೊತ್ತಿಗೇ ಕೈಕೊಡುತ್ತಿತ್ತು.

ಇಷ್ಟೆಲ್ಲ ಲೆಕ್ಕ ಹಾಕಿದವನು ಪಂಪ್ ವಿಷಯದಲ್ಲಿ ಎಡವಿದೆ. 1 ಎಚ್‌ಪಿ ಅಂದರೆ 746 ವ್ಯಾಟ್, ಏನು ಮಹಾ ಅಂತ ಅದನ್ನೂ ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಯುವ ಬ್ಯಾಕಪ್ ಲೈನಿಗೆ ಸೇರಿಸಿದೆ. ಮೊದಲ ರಾತ್ರಿ ಕರೆಂಟ್ ಹೋಯಿತು, ಪಂಪ್ ಹಾಕಿದೆ, ಇಡೀ ಮನೆ ಕತ್ತಲು. ಮೋಟಾರ್ ಶುರುವಾಗುವ ಕ್ಷಣಕ್ಕೆ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಇನ್ವರ್ಟರ್ 5 ಕಿಲೋವ್ಯಾಟ್ ಇದ್ದರೂ ರಾತ್ರಿ ನನ್ನ ಬ್ಯಾಟರಿ ಕೊಡುವುದು 2.5 ಮಾತ್ರ! ಮರುದಿನವೇ ಪಂಪನ್ನು ಬ್ಯಾಕಪ್‌ನಿಂದ ತೆಗೆಸಿದೆ.

ಈಗ ಕರೆಂಟ್ ಹೋದರೆ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಪಂಪ್ ಹಾಕಲು ಹೋದವರನ್ನು ಬಿಟ್ಟು.