ಒಂದು ಹಾಳೆಯ ಬೋರ್ಡ್ ಮೀಟಿಂಗ್: ನನ್ನ ಅನುಭವ

"ಅಮೆರಿಕದ ಕಂಪನಿ ಪದ್ಧತಿ ಕಾರಟಗ್ಯಾಗ ನಡಿಯಂಗಿಲ್ಲ ಬಿಡಣ್ಣ" ಅಂತ ಎರಡು-ಮೂರು ವರ್ಷದ ಹಿಂದೆ ನಮ್ಮ ನಿರ್ದೇಶಕರೇ ಹೇಳಿದ್ದರು. ಈಗ ಗಂಗಾವತಿ, ಸಿಂಧನೂರು ಕಡೆಯ ರೈತರೇ ಷೇರು ಹಾಕಿ ನಡೆಸುವ ಉತ್ಪಾದಕ ಸಂಸ್ಥೆ, ಅಂದರೆ ಎಫ್‌ಪಿಒದವರು "ಆ ಹಾಳಿ ನಮೂನೆ ಕಳಸ್ರಿ" ಅಂತ ಫೋನ್ ಮಾಡುತ್ತಾರೆ. ಬೋರ್ಡ್ ಮೀಟಿಂಗಿನ ವಿಷಯವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು, ಮೊದಲು ಓದಿ ಆಮೇಲೆ ಮಾತಾಡುವ ನಮ್ಮ ಪದ್ಧತಿ ಅದು. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಒಮ್ಮೆ ಬರೆದೇ ಇಡೋಣ ಅನಿಸಿತು. ಷೇರು ಕೂಡಿಸುವುದು, ಲೈಸೆನ್ಸ್ ತೆಗೆಯುವುದು ನಿಮಗೆಲ್ಲ ಗೊತ್ತಿದ್ದದ್ದೇ, ಅದನ್ನು ಬಿಡುತ್ತೇನೆ.

ಕಾರಟಗಿಯ ನಮ್ಮ ಎಫ್‌ಪಿಒದಲ್ಲಿ ಹನ್ನೊಂದು ನಿರ್ದೇಶಕರು, ಆರುನೂರು ಚಿಲ್ಲರೆ ಷೇರುದಾರರು. ಗೊಬ್ಬರ, ಬೀಜ, ಭತ್ತದ ಖರೀದಿ ನಮ್ಮ ವ್ಯವಹಾರ. ಮೊದಲ ಎರಡು ವರ್ಷ ಅಧ್ಯಕ್ಷನೂ ನಾನೇ, ಗೋದಾಮಿನ ಕೀಲಿಯೂ ನನ್ನ ಜೇಬಿನಲ್ಲೇ. ಕಾಯ್ದೆ ಪ್ರಕಾರ ಸಿಇಒ, ಅಂದರೆ ದಿನದ ವ್ಯವಹಾರ ನೋಡುವ ಮುಖ್ಯಸ್ಥ, ಇರಲೇಬೇಕು, ಹಾಗಾಗಿ ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದೆವು. ಒಂದು ಚೀಲ ಡಿಎಪಿ ಗೊಬ್ಬರ ಉದ್ರಿ ಕೊಡಬೇಕಾದರೂ ಅವನು ನನಗೆ ಫೋನ್ ಹಚ್ಚಬೇಕು. ನಾನು ನಾಟಿ ಗದ್ದೆಯಲ್ಲಿದ್ದು ಫೋನ್ ಎತ್ತದಿದ್ದರೆ ಗಿರಾಕಿ ಮುಂದಿನ ಅಂಗಡಿಗೆ ಹೋದ ಹಾಗೇ. ಹನ್ನೊಂದಕ್ಕೆ ಕರೆದ ಮೀಟಿಂಗ್ ಒಂದಕ್ಕೆ ಶುರುವಾಗಿ ನಾಲ್ಕಕ್ಕೆ ಮುಗಿಯುತ್ತಿತ್ತು. ಒಗ್ಗರಣಿ-ಮಿರ್ಚಿ, ಎರಡು ಸಲ ಚಹಾ, ಹಳೇ ಜಗಳ. ನಡಾವಳಿ ಪುಸ್ತಕದಲ್ಲಿ ಮಾತ್ರ "ಸರ್ವಾನುಮತದಿಂದ ಠರಾವು ಪಾಸಾಯಿತು" ಅಂತ ಇರುತ್ತಿತ್ತು.

ಇದರ ಬೆಲೆ ಎಷ್ಟಾಯಿತು ಹೇಳುತ್ತೇನೆ. ಒಂದು ಬೇಸಿಗೆ ಬೆಳೆಗೆ ಸುಮಾರು 900 ಚೀಲ ಸೋನಾ ಭತ್ತ ಹಿಡಿದೆವು, 75 ಕೆಜಿ ಚೀಲದ ಲೆಕ್ಕ. ಒಬ್ಬರು ಈಗಲೇ ಮಾರೋಣ ಅಂದರು, ಒಬ್ಬರು ಹದಿನೈದು ದಿನ ನೋಡೋಣ ಅಂದರು. ಯಾರೂ ತೀರ್ಮಾನ ಮಾಡಲಿಲ್ಲ. ಮುಂಗಾರಿಗೆ ಮುಂಚಿನ ಮಳೆಗೆ ಗೋದಾಮಿನ ಮೂಲೆ ಸೋರಿತು, ತೇವ ಏರಿತು, ಮಿಲ್ಲಿನವರು ದರ ಮುರಿದರು. ಎರಡೂವರೆ ಲಕ್ಷದ ಹತ್ತಿರ ಹೋಯಿತು. ಉದ್ರಿಯಲ್ಲಿ ಸಿಕ್ಕಿಕೊಂಡ ನಾಲ್ಕು ಲಕ್ಷ ಬೇರೆ.

ಆಗ ದೊಡ್ಡ ಟೆಕ್ನಾಲಜಿ ಕಂಪನಿಗಳ ಬೋರ್ಡುಗಳು ಹೇಗೆ ನಡೆಯುತ್ತವೆ ಅಂತ ಓದತೊಡಗಿದೆ. ಮೊದಲು ಹಿಡಿಸಿದ್ದು ನಮ್ಮ ಇನ್ಫೋಸಿಸ್. 2017ರ ಆಗಸ್ಟಿನಲ್ಲಿ ಸಿಇಒ ರಾಜೀನಾಮೆ ಕೊಟ್ಟು ಕಂಪನಿ ಅಲ್ಲಾಡಿದಾಗ ಸಂಸ್ಥಾಪಕರಲ್ಲೊಬ್ಬರಾದ ನಂದನ್ ನಿಲೇಕಣಿ ವಾಪಸ್ ಬಂದರು. ಬಂದವರು ಮತ್ತೆ ಸಿಇಒ ಕುರ್ಚಿ ಹಿಡಿಯಲಿಲ್ಲ, ದಿನದ ಆಡಳಿತ ಕೈಯಲ್ಲಿ ಇಟ್ಟುಕೊಳ್ಳದ ಅಧ್ಯಕ್ಷರಾಗಿ ಕೂತರು. 2018ರ ಜನವರಿಯಲ್ಲಿ ಸಲೀಲ್ ಪಾರೇಖ್ ಸಿಇಒ ಆದರು. ಇದನ್ನು ಹೇಳಿದರೆ ನಮ್ಮ ಲೆಕ್ಕಪತ್ರ ನೋಡುವವರು "ಮೈಕ್ರೋಸಾಫ್ಟಿನಾಗ ಸತ್ಯ ನಾದೆಲ್ಲಾ ಎರಡೂ ಅವರ ಅದಾರಲ್ರಿ" ಅಂದರು. ಹೌದು, 2021ರಿಂದ ಅಧ್ಯಕ್ಷರೂ ಸಿಇಒ ಕೂಡ ಅವರೇ. ಆದರೆ ಅಲ್ಲಿ ಸಿಇಒಗೆ ಎದುರು ಪ್ರಶ್ನೆ ಕೇಳುವ ಗಟ್ಟಿ ಸ್ವತಂತ್ರ ನಿರ್ದೇಶಕರಿದ್ದಾರೆ. ನಮ್ಮ ಬೋರ್ಡಿನಲ್ಲಿ ನನ್ನ ಮಾವನ ಮಗ, ನನ್ನ ಪಕ್ಕದ ಹೊಲದವರು. ನನ್ನನ್ನು ಯಾರು ಕೇಳಬೇಕು?

ಅಧ್ಯಕ್ಷನ ಕೆಲಸ, ದಿನದ ಆಡಳಿತ ಎರಡನ್ನೂ ಬೇರ್ಪಡಿಸುವ ಮೊದಲ ಪ್ರಯತ್ನ ಕೆಟ್ಟಿತು. 28 ಸಾವಿರ ಪಗಾರಕ್ಕೆ ಹೊರಗಿನಿಂದ ಮ್ಯಾನೇಜರ್ ತಂದೆವು, ಐದೇ ತಿಂಗಳಿಗೆ ಬಿಟ್ಟು ಹೋದ. ತಪ್ಪು ಅವನದಲ್ಲ, ನಾನು ಕೀಲಿ ಬಿಟ್ಟಿರಲಿಲ್ಲ. ಆಮೇಲೆ ಪ್ರೊಜೆಕ್ಟರ್ ಬಾಡಿಗೆಗೆ ತಂದು ಗೋಡೆ ಮೇಲೆ ಚಿತ್ರ ತೋರಿಸಿದೆವು, ಸಲಕ್ಕೆ ಸಾವಿರ-ಸಾವಿರದೈನೂರು ಖರ್ಚು. ಎಲ್ಲರೂ ತಲೆ ಆಡಿಸುತ್ತಿದ್ದರು, ಹೊರಗೆ ಹೋಗಿ "ಏನಂದ್ರು ಅವ್ರು?" ಅಂತಿದ್ದರು.

ಅಮೆಜಾನಿನಲ್ಲಿ ಅದರ ಸ್ಥಾಪಕ ಜೆಫ್ ಬೆಜೋಸ್ 2004ರಲ್ಲೇ ಹಿರಿಯ ಅಧಿಕಾರಿಗಳ ಮೀಟಿಂಗಿನಿಂದ ಪವರ್‌ಪಾಯಿಂಟ್ ತೆಗೆಸಿ, ಆರು ಪುಟ ಬರೆದುಕೊಂಡು ಬನ್ನಿ ಅಂದಿದ್ದರು. ಮೀಟಿಂಗ್ ಶುರುವಾಗುತ್ತಲೇ ಎಲ್ಲರೂ ಸುಮ್ಮನೆ ಕೂತು ಓದಬೇಕು, ಮಾತು ಆಮೇಲೆ. ನಾವು ಆರು ಪುಟ ಮಾಡಿ ನೋಡಿದೆವು, ಎರಡನೇ ಪುಟಕ್ಕೇ ಜನ ಮೊಬೈಲ್ ತೆಗೆದರು. ಮೂರಕ್ಕೆ ಇಳಿಸಿದೆವು, ಕೊನೆಗೆ ಒಂದೇ ಹಾಳೆಗೆ, ಎರಡೂ ಬದಿ, ದಪ್ಪ ಅಕ್ಷರ, ಕನ್ನಡದಲ್ಲಿ.

ಮೊದಲ ದಿನ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಗೊಬ್ಬರದ ಚೀಲಗಳ ನಡುವೆ ಹನ್ನೊಂದು ಪ್ಲಾಸ್ಟಿಕ್ ಕುರ್ಚಿ. ಹಾಳೆ ಹಂಚಿ, ಹದಿನೈದು ನಿಮಿಷ ಯಾರೂ ಮಾತಾಡಬಾರದು ಅಂದೆ. ಫ್ಯಾನಿನ ಸಪ್ಪಳ ಬಿಟ್ಟರೆ ಏನೂ ಇಲ್ಲ. ಒಬ್ಬರು ಕನ್ನಡಕ ತಂದಿರಲಿಲ್ಲ, ಪಕ್ಕದವರದು ಇಸಿದುಕೊಂಡು ಓದಿದರು. ಅಕ್ಷರ ಬಾರದ ನಮ್ಮ ನಿರ್ದೇಶಕಿ ಅವ್ವನವರೊಬ್ಬರಿಗೆ ಹಿಂದಿನ ರಾತ್ರಿಯೇ ಹಾಳೆಯನ್ನು ವಾಟ್ಸಾಪ್ ದನಿಯಲ್ಲಿ ಓದಿ ಕಳಿಸಿದ್ದೆ. ಮೊದಲ ಪ್ರಶ್ನೆ ಅವರದೇ: "ಉದ್ರಿ ಪಟ್ಟಿಯಾಗ ನಮ್ಮ ನಿರ್ದೇಶಕರ ಹೆಸರು ಎಷ್ಟು ಅದಾವ ತಮ್ಮಾ?" ಮೂರು ಹೆಸರಿದ್ದವು, ಒಂದು ನನ್ನ ತಮ್ಮನದು. ಮುಂದಿನ ಮೀಟಿಂಗಿಗೆ ಮುಂಚೆ ಮೂರೂ ಬಾಕಿ ತೀರಿದವು. ಎರಡು ವರ್ಷದ ಜಗಳದಲ್ಲಿ ಆಗದ ಕೆಲಸ ಅದು.

ಎರಡನೇ ಬದಲಾವಣೆ ಅಧಿಕಾರದ್ದು. ಬೆಜೋಸ್ ತಮ್ಮ ಷೇರುದಾರರಿಗೆ ಬರೆದ ಪತ್ರವೊಂದರಲ್ಲಿ ತೀರ್ಮಾನಗಳನ್ನು ಬಾಗಿಲಿಗೆ ಹೋಲಿಸಿದ್ದಾರೆ. ಕೆಲವು ಬಾಗಿಲು ದಾಟಿದರೆ ವಾಪಸ್ ಬರಲಾಗದು, ಅಲ್ಲಿ ನಿಧಾನ ಬೇಕು. ಉಳಿದವು ಎರಡೂ ಕಡೆ ತೆರೆಯುತ್ತವೆ, ಅವನ್ನು ಬೇಗ ದಾಟಬೇಕು. ನಾವು ಇದನ್ನು ರೂಪಾಯಿಗೆ ಇಳಿಸಿದೆವು. 25 ಸಾವಿರದ ಒಳಗಿನದು ಮ್ಯಾನೇಜರನದೇ. ಎರಡು ಲಕ್ಷದವರೆಗೆ ನಾನು ಮತ್ತು ಇಬ್ಬರು ನಿರ್ದೇಶಕರು. ಅದರ ಮೇಲಿನದು, ಜಾಗ, ಸಾಲ ಇವೆಲ್ಲ ಪೂರ್ತಿ ಬೋರ್ಡಿಗೆ. ಗೋದಾಮಿನ ಕೀಲಿಯನ್ನು ಠರಾವು ಬರೆದು, ಆಮೇಲೆ ಬಂದ ಎರಡನೇ ಮ್ಯಾನೇಜರ್ ಕೈಗೆ ಕೊಟ್ಟೆ. ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ, ನಿಜ.

ಪರೀಕ್ಷೆ ಬಂದದ್ದು 2024ರ ಆಗಸ್ಟ್ 10ರ ರಾತ್ರಿ. ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿ ಹೋಯಿತು. ಬೆಳಿಗ್ಗೆ ಎದ್ದರೆ ಎಡದಂಡೆ ಕಾಲುವೆಯ ಊರೂರಲ್ಲಿ ಒಂದೇ ಮಾತು, ಎರಡನೇ ಬೆಳೆ ಹೋಯಿತು ಅಂತ. ನಮ್ಮದು ಎರಡು ಲಾರಿ ಯೂರಿಯಾ ಬರುವುದಿತ್ತು, ಬೇಸಿಗೆ ಬೆಳೆಯ ಬೀಜಕ್ಕೆ ಮೂರು ಲಕ್ಷ ಮುಂಗಡ ಕೊಡುವುದಿತ್ತು. ಮ್ಯಾನೇಜರ್ ಒಂಬತ್ತಕ್ಕೆ ಹಾಳೆ ಬರೆದ. ಏಳು ದಿನದ ನೋಟಿಸಿಗೆ ಸಮಯವಿರಲಿಲ್ಲ, ಕಾರಣ ಬರೆದು ತುರ್ತು ಮೀಟಿಂಗ್ ಕರೆದೆವು. ಹನ್ನೆರಡರೊಳಗೆ ತೀರ್ಮಾನ: ನಾಟಿ ಆದ ಬೆಳೆಗೆ ಯೂರಿಯಾ ಬೇಕೇ ಬೇಕು, ಬರಲಿ, ಬೀಜದ ಮುಂಗಡ ನಿಲ್ಲಲಿ. ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು, ಅಣೆಕಟ್ಟೆ ಮತ್ತೆ ತುಂಬಿತು, ಮುಂಗಡವನ್ನು ಆಮೇಲೆ ಕೊಟ್ಟೆವು. ಗಾಬರಿಯಲ್ಲಿ ಯೂರಿಯಾ ಬೇಡ ಅಂದ ಅಂಗಡಿಗಳ ಗಿರಾಕಿಗಳು ಆ ತಿಂಗಳು ನಮ್ಮಲ್ಲಿ ಸಾಲು ನಿಂತಿದ್ದರು.

ಮಧ್ಯೆ ಬೇರೆ ಪ್ರಯೋಗವನ್ನೂ ಮಾಡಿದೆವು. ನಿಂತುಕೊಂಡೇ ಮೀಟಿಂಗ್ ಮಾಡಿದರೆ ಬೇಗ ಮುಗಿಯುತ್ತದೆ ಅಂತ ಓದಿ ಮಾಡಿದೆವು. ಹಿರಿಯರ ಮೊಣಕಾಲು ನೋವಿಗೆ ಅದು ಆಗಲಿಲ್ಲ. ಬೆಳಿಗ್ಗೆ ಆರಕ್ಕೆ ಕರೆದೆವು, ಹಾಲು ಕರೆಯುವ ಹೊತ್ತು, ಕೋರಂ ಆಗಲಿಲ್ಲ. ಸಂಜೆ ಐದು ಸರಿ ಹೋಯಿತು, ಕತ್ತಲಾಗುವುದರೊಳಗೆ ಎಲ್ಲರಿಗೂ ಊರು ಸೇರುವ ಆತುರ ಇರುತ್ತದೆ.

ಈಗ ಮೀಟಿಂಗ್ ಎಪ್ಪತ್ತೆಂಬತ್ತು ನಿಮಿಷಕ್ಕೆ ಮುಗಿಯುತ್ತದೆ. ಉದ್ರಿ ಬಾಕಿ ಒಂದು ಲಕ್ಷದ ಕೆಳಗಿದೆ. ಹೋದ ವರ್ಷ ಖರ್ಚೆಲ್ಲ ಹೋಗಿ ಆರು ಲಕ್ಷದ ಆಸುಪಾಸು ಉಳಿಯಿತು, ಈ ಭಾಗದಲ್ಲಿ ನಮ್ಮಷ್ಟು ಉಳಿಸಿದ ಎಫ್‌ಪಿಒ ನಾನಂತೂ ನೋಡಿಲ್ಲ. ಎರಡನೇ ಮ್ಯಾನೇಜರ್ ಇನ್ನೂ ನಮ್ಮಲ್ಲೇ ಇದ್ದಾನೆ. ಪಗಾರದ ಮೇಲೆ ಅವನಿಗೆ ಏನು ಲೆಕ್ಕದಲ್ಲಿ ಕೊಡುತ್ತೇವೆ ಅನ್ನುವುದು, ಹಾಳೆಯ ಹಿಂಬದಿಯ ಕೊನೆಯ ಸಾಲಿನಲ್ಲಿ ಏನಿರುತ್ತದೆ ಅನ್ನುವುದು, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಮೂರು ವರ್ಷ ದುಡ್ಡು ಕಳೆದು ಕಲಿತದ್ದು ಅವು.

ಹಾಳೆಯ ಮುಂಬದಿ ಬೇಕಾದವರು ಅಂಗಡಿಗೆ ಬನ್ನಿ, ಜೆರಾಕ್ಸ್ ಕೊಡುತ್ತೇನೆ. ಕಟಾವಿನ ಹದಿನೈದು ದಿನ ಮಾತ್ರ ಬೇಡ, ಆಗ ನಾನು ಗದ್ದೆಯಲ್ಲಿರುತ್ತೇನೆ. ಅಂಗಡಿಯಲ್ಲಿ ಮ್ಯಾನೇಜರ್ ಇರುತ್ತಾನೆ, ಅವನನ್ನೇ ಕೇಳಿದರೂ ಆದೀತು.