ಸ್ಟೀನಾಳ ಆರೂ ಆಲ್ಬಂ ನನಗೆ ಸಿಕ್ಕಿದ ಬಗೆ

ಮೊನ್ನೆ ಭಾನುವಾರ ಆರನೆಯ ಸೀಡಿಯೂ ಕೈಗೆ ಬಂತು. ಸ್ಟಾಕ್‌ಹೋಮ್‌ನ ಗಾಯಕಿ ಸ್ಟೀನಾ ನೂರ್ಡೆನ್‌ಸ್ಟಾಮ್ ತನ್ನ ಹೆಸರಲ್ಲಿ ತಂದ ಸ್ಟುಡಿಯೋ ಆಲ್ಬಂಗಳು ಆರು. 1991ರಲ್ಲಿ ಮೊದಲನೆಯದು, 2004ರಲ್ಲಿ ಆರನೆಯದು. ಆರೂ ಮೂಲ ಸೀಡಿಗಳೇ ನನ್ನ ಹತ್ತಿರ ಇವೆ, ಒಂದೂ ಎಲ್ಲೂ ತಡವರಿಸುವುದಿಲ್ಲ. ಸುಮಾರು ಮೂರು ವರ್ಷ ಹಿಡಿಯಿತು. ಬರೀ ಸೆಕೆಂಡ್ ಹ್ಯಾಂಡ್ ಅಂಗಡಿ ಸುತ್ತಿದರೆ ಇದು ಆಗೋ ಕೆಲಸ ಅಲ್ಲ ಅಂತ ಇಲ್ಲಿನ ಹಳೆ ಸಂಗ್ರಾಹಕರೇ ಹೇಳಿದ್ದರು. ನಮ್ಮ ಕನ್ನಡದ ಗೆಳೆಯನಂತೂ "ಫೋನಲ್ಲೇ ಕೇಳೋದು ಬಿಟ್ಟು ಸುಮ್ನೆ ಯಾಕೋ ಅಲೀತೀಯ ಮಾರಾಯ?" ಅಂದಿದ್ದ.

ಶುರುವಿನಲ್ಲಿ ನಾನೂ ಆನ್‌ಲೈನ್ ಹರಾಜಿಗೇ ಹೋದವನು. ಮೊದಲ ಆಲ್ಬಂ 'ಮೆಮೊರೀಸ್ ಆಫ್ ಎ ಕಲರ್'ಗೆ 180 ಕ್ರೋನಾ (ಸ್ವೀಡನ್ನಿನ ಹಣ) ಕೊಟ್ಟೆ, ಅಂಚೆ ಬೇರೆ. ಕವರ್ ಸರಿಯಾಗಿಯೇ ಇತ್ತು. ತೆರೆದು ನೋಡಿದರೆ ಒಳಗೆ ಯಾವುದೋ ಕ್ರಿಸ್ಮಸ್ ಭಜನೆಯ ಸೀಡಿ! ಎರಡನೇ ಸಲ ಬಂದದ್ದು ಮನೆಯಲ್ಲಿ ಬರೆದ ನಕಲು. ಮೂರನೆಯದಕ್ಕೆ ಲೇಬಲ್ ಬದಿಯಲ್ಲೇ ಗೀರು ಬಿದ್ದಿತ್ತು. ಕೆಳಗಿನ ಪ್ಲಾಸ್ಟಿಕ್ ಬದಿಯ ಗೀರಾದರೆ ಉಜ್ಜಿ ಹೊಳಪು ಕೊಡಬಹುದು. ಲೇಬಲ್ ಬದಿ ಹೋದರೆ ಸೀಡಿಯೇ ಹೋಯಿತು. ಹೀಗೆ ಹತ್ತಿರ ಹತ್ತಿರ 600 ಕ್ರೋನಾ ಕಳೆದುಕೊಂಡೆ. ಆ ಸಂಜೆ ಮನಸ್ಸಿಗೆ ನಿಜಕ್ಕೂ ಬೇಸರವಾಯಿತು. ಇನ್ನು ಕಣ್ಣಲ್ಲಿ ನೋಡದೆ, ಬೆಳಕಿಗೆ ಹಿಡಿಯದೆ ಒಂದು ಸೀಡಿಯನ್ನೂ ಕೊಳ್ಳುವುದಿಲ್ಲ ಅಂತ ಆವತ್ತೇ ತೀರ್ಮಾನ ಮಾಡಿದೆ.

ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ 'ಎನ್' ಅಕ್ಷರದ ಸಾಲು ಹುಡುಕಿ ಹುಡುಕಿ ಒಂದು ವರ್ಷ ಕಳೆಯಿತು. ಸಿಕ್ಕಿದ್ದು ಒಂದೇ, 1994ರ 'ಆಂಡ್ ಶೀ ಕ್ಲೋಸ್ಡ್ ಹರ್ ಐಸ್', 10 ಕ್ರೋನಾಗೆ. ಅದರಲ್ಲಿರುವ 'ಲಿಟ್ಲ್ ಸ್ಟಾರ್' 1996ರ 'ರೋಮಿಯೋ + ಜೂಲಿಯೆಟ್' ಸಿನಿಮಾಕ್ಕೆ ಹೋಯಿತಲ್ವಾ, ಅದನ್ನು ಜನ ಗುರುತು ಹಿಡಿಯುತ್ತಾರೆ. ಉಳಿದವನ್ನು ಹಿಡಿಯುವುದಿಲ್ಲ.

ದಾರಿ ಹೊಳೆದದ್ದು ಅಲ್ಲೇ. ಈ ಅಂಗಡಿಗಳಲ್ಲಿ ಸೀಡಿ ಜೋಡಿಸುವವರಲ್ಲಿ ಸ್ವಯಂಸೇವಕರು ಜಾಸ್ತಿ. ಒಬ್ಬ ಅಜ್ಜಿ ಜೋಡಿಸುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಕನ್ನಡಕ ಮೇಲೆತ್ತಿ ಸೀಡಿಯ ಬೆನ್ನಿನ ಮೇಲಿನ ಹೆಸರು ಓದುತ್ತಾರೆ, ಅರ್ಧ ಕ್ಷಣ ಯೋಚಿಸುತ್ತಾರೆ, ಒಂದು ಖಾನೆಗೆ ತೂರಿಸುತ್ತಾರೆ. ಗಾಯಕಿ ಸ್ವೀಡನ್‌ನವಳು, ಹಾಡುವುದು ಇಂಗ್ಲಿಷ್‌ನಲ್ಲಿ. ಸ್ವೀಡಿಷ್ ಖಾನೆಗೋ ವಿದೇಶಿ ಖಾನೆಗೋ? ಅವರಿಗೂ ಗೊತ್ತಾಗುವುದಿಲ್ಲ. ಆಗ ಆಲ್ಬಂನ ಹೆಸರೇ ಗತಿ. ಹಾಗಾದರೆ ನಾನೂ ಆಕೆಯ ಹಾಡನ್ನು ಒಮ್ಮೆಯೂ ಕೇಳದವನ ಹಾಗೆ ಹುಡುಕಬೇಕು ಅಂದುಕೊಂಡೆ.

ಫಲ ಬೇಗ ಸಿಕ್ಕಿತು. 2004ರ 'ದ ವರ್ಲ್ಡ್ ಈಸ್ ಸೇವ್ಡ್' ಇದ್ದದ್ದು ಕ್ರೈಸ್ತ ಭಕ್ತಿಗೀತೆಗಳ ಖಾನೆಯಲ್ಲಿ! ಬೇರೆಯವರ ಹಾಡುಗಳನ್ನು ಆಕೆ ತನ್ನ ರೀತಿಯಲ್ಲಿ ಹಾಡಿದ 1998ರ 'ಪೀಪಲ್ ಆರ್ ಸ್ಟ್ರೇಂಜ್' ಹಲವು ಗಾಯಕರ ಹಾಡುಗಳ ಸಂಗ್ರಹಗಳ ನಡುವೆ ಇತ್ತು. 2001ರ 'ದಿಸ್ ಈಸ್ ಸ್ಟೀನಾ ನೂರ್ಡೆನ್‌ಸ್ಟಾಮ್' 'ಟಿ' ಅಕ್ಷರದಲ್ಲಿ, ಮೊದಲನೆಯದು ಜಾಝ್‌ನಲ್ಲಿ. ಕೊನೆಗೆ ಉಳಿದದ್ದು 1996ರ 'ಡೈನಮೈಟ್'. ಮೊನ್ನೆ ಸ್ಟಾಕ್‌ಹೋಮ್‌ನ ಹೋಟೊರ್ಯೆಟ್ ಚೌಕದ ಭಾನುವಾರದ ಸಂತೆಯಲ್ಲಿ ಮಾರ್ಕರ್‌ನಲ್ಲಿ 'ಹಾರ್ಡ್ ರಾಕ್' ಅಂತ ಬರೆದ ರಟ್ಟಿನ ಡಬ್ಬಕ್ಕೆ ಕೈ ಹಾಕಿದೆ. ಮೇಲಿನಿಂದ ಏಳನೆಯದೋ ಎಂಟನೆಯದೋ ಇರಬೇಕು. 40 ಕ್ರೋನಾ ಹೇಳಿದರು, ಚೌಕಾಸಿ ಮಾಡಲಿಲ್ಲ. ಆರಕ್ಕೂ ಸೇರಿ 120 ಕ್ರೋನಾ ಆಚೀಚೆ ಆಗಿದೆ, ಅಷ್ಟೇ. ಹರಾಜಿನಲ್ಲಿ ಜನ ಒಂದಕ್ಕೇ ಇಷ್ಟು ಕೊಟ್ಟದ್ದನ್ನು ನೋಡಿದ್ದೇನೆ.

ಯಾವ ಅಂಗಡಿಗೆ ಯಾವ ವಾರ ಹೊಸ ಮಾಲು ಬರುತ್ತದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ಮೂರು ವರ್ಷದ ಗಳಿಕೆ. ಇನ್ನೊಂದು ಹೇಳುತ್ತೇನೆ. ಸೀಡಿಯನ್ನು ಹಿಡಿದಿಡುವ ಒಳಗಿನ ಹಲ್ಲು ಮುರಿದ ಡಬ್ಬಿ ಬಂದರೆ ಹೊಸದು ಕೊಳ್ಳಬೇಡಿ. ಈ ಅಂಗಡಿಗಳಲ್ಲಿ ಡಾನ್ಸ್‌ಬ್ಯಾಂಡ್ (ಜೋಡಿ ನೃತ್ಯದ ಸ್ವೀಡಿಷ್ ಹಾಡುಗಳ) ಸೀಡಿಗಳು ರಾಶಿ ಇರುತ್ತವೆ. ಐದು ಕ್ರೋನಾ ಕೊಟ್ಟರೆ ಗಟ್ಟಿ ಡಬ್ಬಿ ಸಿಗುತ್ತದೆ.

ಕಂಪ್ಯೂಟರಿಗೆ ಇಳಿಸುವಾಗ ಇನ್ನೊಂದು ಪಾಠ ಆಯಿತು. ಸೀಡಿಯಿಂದ ಹಾಡು ಇಳಿಸುವ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ತಂತ್ರಾಂಶದಲ್ಲೇ ತೆಗೆದೆ. ಮೊದಲು ಜಾಗ ಉಳಿಸಲು 128 ಕಿಲೋಬಿಟ್‌ನ (ಹೆಚ್ಚು ಕುಗ್ಗಿಸಿದ) ಎಂಪಿ3 ಮಾಡಿದ್ದೆ, ತಪ್ಪು ಮಾಡಿದೆ. ಸ್ಟೀನಾಳ ದನಿ ಹೆಚ್ಚುಕಡಿಮೆ ಪಿಸುಮಾತು. ಪದಕ್ಕೆ ಮುಂಚೆ ಎಳೆದುಕೊಳ್ಳುವ ಉಸಿರೂ ಹಾಡಿನ ಭಾಗವೇ. ಎಂಪಿ3ಯಲ್ಲಿ ಆ ಉಸಿರು ಮಾಯವಾಗಿ, 'ಸ' ಬಂದಲ್ಲೆಲ್ಲ ತಗಡಿನ ಮೇಲೆ ಮರಳು ಸುರಿದ ಹಾಗೆ ಕೇಳಿಸಿತು. ಎಲ್ಲ ಅಳಿಸಿ, ದನಿಯಲ್ಲಿ ಏನೂ ಕಳೆಯದ ಫ್ಲ್ಯಾಕ್ ಕಡತ ಮಾಡಿದೆ. ದನಿಯ ಮಟ್ಟ ಸರಿಹೊಂದಿಸುವ ರಿಪ್ಲೇಗೇನ್ ಹಾಕುವಾಗಲೂ ಹಾಡಿಗೊಂದು ಲೆಕ್ಕ ಬೇಡ, ಆಲ್ಬಂಗೆ ಒಂದೇ ಲೆಕ್ಕ ಇರಲಿ. ಇಲ್ಲದಿದ್ದರೆ ಮೆಲ್ಲಗಿನ ಹಾಡು ಕೂಡ ಕಿವಿಯ ಹತ್ತಿರ ಬಂದು ಕೂಗುತ್ತದೆ. 1994ರ ಆಲ್ಬಂನಲ್ಲಿ ಜಾನ್ ಹ್ಯಾಸೆಲ್ ಅವರ ಟ್ರಂಪೆಟ್ ಇದೆ, ದೂರದ ಹೊಗೆಯ ಹಾಗೆ. ಅದು ದೂರವೇ ಇರಬೇಕು.

ಈ ನಡುವೆ ಆಕೆ ಬೇರೆಯವರಿಗೆ ಹಾಡಿದ್ದನ್ನೂ ಹುಡುಕತೊಡಗಿದ್ದೇನೆ. ಸಂಗೀತಗಾರ ವ್ಯಾಂಜೆಲಿಸ್ ಅವರ 1995ರ 'ವಾಯ್ಸಸ್' ಮೊದಲ ವಾರವೇ ಸಿಕ್ಕಿತು. ಯೆಲ್ಲೋ ತಂಡದ 'ಪಾಕೆಟ್ ಯೂನಿವರ್ಸ್' ಟೆಕ್ನೋ ಡಬ್ಬದಲ್ಲಿತ್ತು. ಆಕೆ ವೇದಿಕೆ ಹತ್ತುವುದೇ ಅಪರೂಪ, 2004ರ ನಂತರ ಸ್ವಂತ ಆಲ್ಬಂ ಇಲ್ಲ. ಹಾಗಾಗಿ ಇಂಥ ಒಂದೊಂದು ಹಾಡೂ ನನಗೆ ದೊಡ್ಡದೇ. ಡೆನ್ಮಾರ್ಕ್‌ನ ಮ್ಯೂ ತಂಡದ 'ಫ್ರೆಂಗರ್ಸ್' ಮಾತ್ರ ಇನ್ನೂ ಸಿಕ್ಕಿಲ್ಲ. ಆ ಹೆಸರು ಓದಿದರೆ ಅಜ್ಜಿ ಯಾವ ಖಾನೆಗೆ ಹಾಕಿಯಾರು? ಜರ್ಮನ್ ಹಾಡುಗಳ ಖಾನೆಗೆ ಅಂತ ನನ್ನ ಊಹೆ. ಶನಿವಾರ ಹೋಗಿ ನೋಡಬೇಕು.